ನಾರ್ವೆಯವನ ಕೂಗು

ಜಾನ್ ಕಾರ್ಪೆಂಟರ್ ನಿರ್ದೇಶನದ 'ದಿ ಥಿಂಗ್' ಚಿತ್ರವನ್ನು ಕಳೆದ ಚಳಿಗಾಲದಲ್ಲಿ ದೆಹಲಿಯ ಸರ್ಕಾರಿ ವಸತಿಗೃಹದಲ್ಲಿ ಕುಳಿತು ಮತ್ತೊಮ್ಮೆ ನೋಡಿದೆ. ಮೊದಲ ಸಲ ನೋಡಿದ್ದು ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದಾಗ, ಗೆಳೆಯನೊಬ್ಬ ಬಾಡಿಗೆಗೆ ತಂದ ವಿಸಿಡಿಯಲ್ಲಿ. ರೋಗಿಯ ಎದೆಯೇ ಬಾಯ್ದೆರೆದು ವೈದ್ಯನ ಕೈಗಳನ್ನು ಕಚ್ಚಿ ತುಂಡರಿಸುವುದು, ಕಳಚಿ ಬಿದ್ದ ತಲೆಗೆ ಜೇಡನ ಕಾಲು ಮೂಡಿ ಅದು ಹರಿದಾಡುವುದು - ಅಂದು ನಮಗೆ ಬೇಕಾಗಿದ್ದುದು ಇಷ್ಟೇ. ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ರಾಬ್ ಬಾಟಿನ್ ಕಂಪ್ಯೂಟರಿನ ನೆರವಿಲ್ಲದೆ ಸೃಷ್ಟಿಸಿದ ಆ ವಿಕಾರಗಳು ಇಂದಿಗೂ ಮಾಸಿಲ್ಲ.

ಜಾನ್ ಕ್ಯಾಂಪ್‌ಬೆಲ್ 1938ರಲ್ಲಿ ಬರೆದ ನೀಳ್ಗತೆಯೊಂದು ಚಿತ್ರದ ಮೂಲ. ಅಮೆರಿಕದಲ್ಲಿ ಅದು ತೆರೆಕಂಡದ್ದು 1982ರ ಜೂನ್ 25ರಂದು. ಎರಡು ವಾರ ಮೊದಲಷ್ಟೇ ಸ್ಪೀಲ್‌ಬರ್ಗ್‌ನ 'ಇ.ಟಿ.' ಅನ್ಯಲೋಕದ ಜೀವಿಯನ್ನು ಮಕ್ಕಳ ಗೆಳೆಯನನ್ನಾಗಿ ಮಾಡಿತ್ತು. ಕಾರ್ಪೆಂಟರ್ ತೋರಿಸಿದ್ದನ್ನು ಅನೇಕ ವಿಮರ್ಶಕರು ಹೇಸಿಗೆಯೆಂದು ದೂರವಿಟ್ಟರು. ಮುಂದೆ ವಿಡಿಯೊ ಕ್ಯಾಸೆಟ್ಟುಗಳ ಮೂಲಕವೇ ಅದು ತನ್ನ ಪ್ರೇಕ್ಷಕರನ್ನು ಸಂಪಾದಿಸಿಕೊಂಡಿತು.

ಅಂಟಾರ್ಕ್ಟಿಕಾದ ಹಿಮದಲ್ಲಿ ಅಮೆರಿಕದ ಸಂಶೋಧನಾ ಶಿಬಿರವೊಂದಿದೆ. ಅಲ್ಲಿರುವವರು ಹನ್ನೆರಡು ಜನ. ಓಡಿಬರುತ್ತಿರುವ ನಾಯಿಯೊಂದನ್ನು ಹೆಲಿಕಾಪ್ಟರಿನಲ್ಲಿ ಬೆನ್ನಟ್ಟಿ ಬಂದ ನಾರ್ವೆಯವನೊಬ್ಬ ಗುಂಡು ಹಾರಿಸುತ್ತ ಏನನ್ನೋ ಕೂಗುತ್ತಾನೆ. ಯಾರಿಗೂ ಅರ್ಥವಾಗುವುದಿಲ್ಲ. ಗುಂಡೊಂದು ಶಿಬಿರದವನೊಬ್ಬನ ಕಾಲಿಗೆ ತಗುಲುತ್ತದೆ. ಶಿಬಿರದ ಮುಖ್ಯಸ್ಥ ಕಿಟಕಿಯಿಂದ ಗುರಿಯಿಟ್ಟು ಆಗಂತುಕನನ್ನು ಕೊಲ್ಲುತ್ತಾನೆ. ಅವನ ಮಾತಿಗೆ ತೆರೆಯ ಮೇಲೆ ಅಡಿಬರಹವೂ ಇಲ್ಲ. ನಾರ್ವೆಯ ಭಾಷೆ ಬಲ್ಲವರಿಗೆ ಮಾತ್ರ ಕಥೆಯೆಲ್ಲ ಅಲ್ಲೇ ಬಯಲಾಗುತ್ತದೆ: ಅದು ನಾಯಿಯಲ್ಲ, ನಾಯಿಯನ್ನು ಅನುಕರಿಸುತ್ತಿರುವ ಬೇರೇನೋ, ದೂರ ಸರಿಯಿರಿ ಎಂದೇ ಅವನು ಕೂಗುತ್ತಿದ್ದ. ಸತ್ಯ ಬಲ್ಲವನು ಸತ್ಯ ನುಡಿಯುತ್ತಲೇ ಸತ್ತ. ಸುಳ್ಳು ಬಾಲವಾಡಿಸುತ್ತ ಒಳಗೆ ಬಂತು.

ಮುಂದೆ ಪೈಲಟ್ ಮ್ಯಾಕ್‌ರೆಡಿ ಆ ಸತ್ತವರನ್ನು ಸ್ವೀಡನ್ನಿನವರೆನ್ನುತ್ತಾನೆ. ನಾರ್ವೆಯವರು ಎಂದು ವೈದ್ಯ ತಿದ್ದುತ್ತಾನೆ. ಧಾರವಾಡದಲ್ಲಿ ಈ ಮಾತು ನನ್ನ ಕಿವಿಗೆ ಬಿದ್ದಿರಲೂ ಇಲ್ಲ. ವಿಂಧ್ಯದಾಚೆಯವರೆಲ್ಲ 'ಮದ್ರಾಸಿ'ಗಳಾಗುವ ಊರಿನಲ್ಲಿ ಇಷ್ಟು ವರ್ಷ ಬಾಳಿದ ಮೇಲೆ ಅದು ಕೇಳದೆ ಹೋಗುವುದು ಸಾಧ್ಯವಿಲ್ಲ.

ಹಾಗೆಯೇ ಅನುಕರಣೆ. ಆ ಜೀವಿ ಯಾರನ್ನು ನುಂಗುತ್ತದೆಯೋ ಅವರ ರೂಪ, ದನಿ, ನೆನಪುಗಳನ್ನೆಲ್ಲ ತಾಳುತ್ತದೆ. ಹೃದಯ ದುರ್ಬಲವಾಗಿರುವ ನಾರಿಸ್ ಎದೆ ಹಿಡಿದು ಕುಸಿದಾಗ, ನಕಲು ಮೂಲದ ರೋಗವನ್ನೂ ನಕಲಿಸಿದೆಯೇ ಎಂಬ ಅನುಮಾನ ಮೂಡುತ್ತದೆ. ತಾನು ನಕಲೆಂಬುದು ನಕಲಿಗೆ ತಿಳಿದಿರುತ್ತದೆಯೇ? ಚಿತ್ರ ಉತ್ತರ ಕೊಡುವುದಿಲ್ಲ. ಕಚೇರಿಯಲ್ಲಿ ಸಹೋದ್ಯೋಗಿಯೊಬ್ಬರು, ನಿಮ್ಮ ಹಿಂದಿ ಕೇಳಿದರೆ ನೀವು ದಕ್ಷಿಣದವರೆಂದು ಗೊತ್ತೇ ಆಗುವುದಿಲ್ಲ ಎಂದು ಮನಸಾರೆ ಹೊಗಳಿದ್ದರು. ಅಂದು ಸಂಜೆ ಮನೆಗೆ ಬಂದು ತಾಯಿಗೆ ಫೋನ್ ಮಾಡಿ, ಕಾರಣವಿಲ್ಲದೆ ಬಹಳ ಹೊತ್ತು ಮಾತಾಡಿದೆ.

ಚಿತ್ರದ ಪ್ರಸಿದ್ಧ ದೃಶ್ಯ ರಕ್ತಪರೀಕ್ಷೆಯದು. ಆ ಜೀವಿಯ ಪ್ರತಿ ಹನಿಯೂ ಸ್ವತಂತ್ರ ಪ್ರಾಣಿ; ಕಾದ ತಂತಿ ತಾಗಿದರೆ ಅದರ ರಕ್ತ ತಾನಾಗಿ ಚಿಮ್ಮೀತು ಎಂಬುದು ಮ್ಯಾಕ್‌ರೆಡಿಯ ತರ್ಕ. ಅದು ನಿಜವೂ ಆಗುತ್ತದೆ. ಆದರೆ ಅದೇ ಪರೀಕ್ಷೆ, ತುಸು ಮೊದಲು ತನ್ನ ಮೇಲೆರಗಿದನೆಂದು ಅವನೇ ಗುಂಡಿಕ್ಕಿದ ಕ್ಲಾರ್ಕ್ ಮನುಷ್ಯನೇ ಆಗಿದ್ದನೆಂಬುದನ್ನೂ ಸಾಬೀತುಪಡಿಸುತ್ತದೆ. ಇದನ್ನು ನೋಡುವಾಗ ನನ್ನ ಮನಸ್ಸು 2021ರ ಏಪ್ರಿಲ್‌ಗೆ ಹೋಯಿತು. ನಾವೂ ಪರೀಕ್ಷೆಯ ವರದಿ ಹಿಡಿದು ಪರಸ್ಪರ ದೂರ ನಿಂತವರೇ. ನಮ್ಮ ಮನೆಯಲ್ಲಿ ಎಲ್ಲರೂ ಕೊರೊನಾದಿಂದ ಮಲಗಿದ್ದಾಗ ಎದುರುಮನೆಯ ಹಿರಿಯರು ದಿನವೂ ನಮ್ಮ ಬಾಗಿಲ ಚಿಲಕಕ್ಕೆ ಖಿಚಡಿ ತುಂಬಿದ ಕ್ಯಾರಿಯರ್ ನೇತುಹಾಕಿ, ಗಂಟೆ ಬಾರಿಸಿ ಹೋಗುತ್ತಿದ್ದರು. ವರ್ಷಗಟ್ಟಲೆ ನನ್ನನ್ನು 'ಮದ್ರಾಸಿ ಬಾಬು' ಎಂದೇ ಕರೆದವರು ಅವರು. ಈಗಲೂ ಹಾಗೆಯೇ ಕರೆಯುತ್ತಾರೆ.

ಕೊನೆಯಲ್ಲಿ ಶಿಬಿರ ಉರಿದುಹೋಗಿ, ಮ್ಯಾಕ್‌ರೆಡಿ ಮತ್ತು ಚೈಲ್ಡ್ಸ್ ಇಬ್ಬರೇ ಉಳಿಯುತ್ತಾರೆ. ಬೆಂಕಿ ಆರಿದರೆ ಚಳಿಯಿಂದಲೇ ಸಾವು. ಇಬ್ಬರದೂ ಒಂದೇ ಭಾಷೆ, ಆಡಿದ್ದೆಲ್ಲ ಅರ್ಥವಾಗುತ್ತದೆ. ಆದರೂ ಎದುರಿಗಿರುವವನು ಮನುಷ್ಯನೋ ಅಲ್ಲವೋ ಎಂಬುದಕ್ಕೆ ಇಬ್ಬರ ಬಳಿಯೂ ಪುರಾವೆಯಿಲ್ಲ. ವಿದ್ಯಾರ್ಥಿದೆಸೆಯಲ್ಲಿ ನಾವು ಇವರಲ್ಲಿ ನಕಲಿ ಯಾರೆಂದು ಬೆಳಗಿನವರೆಗೆ ವಾದಿಸಿದ್ದೆವು. ಈಗ ಆ ಪ್ರಶ್ನೆ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ನಾನು ನೋಡಿದ್ದು, ಸಂಶಯ ಕಳೆಯದೆಯೂ ಮ್ಯಾಕ್‌ರೆಡಿ ಮದ್ಯದ ಬಾಟಲಿಯನ್ನು ಚೈಲ್ಡ್ಸ್‌ನತ್ತ ಚಾಚುವ ಕೈಯನ್ನು.