ಹಗ್ಗದ ಎರಡು ತುದಿ

ಸಾವನದುರ್ಗದ ನೆತ್ತಿಗೆ ನಡೆದುಕೊಂಡು ಹೋಗಲು ದಾರಿ ಇದೆ. ಬಂಡೆಯ ಮೇಲೆ ಬಳಿದ ಬಾಣದ ಗುರುತು ಹಿಡಿದು, ಹಳೆಯ ಕೋಟೆಯ ಗೋಡೆಗಳನ್ನು ದಾಟಿ, ಏದುಸಿರು ಬಿಡುತ್ತಾ ಹೋದರೆ ಮೇಲೆ ನಂದಿ ಮಂಟಪ ಸಿಗುತ್ತದೆ. ಶನಿವಾರ ಭಾನುವಾರಗಳಂದು ಮಕ್ಕಳೂ ಹತ್ತಿ ಇಳಿಯುತ್ತಾರೆ. ಹೀಗಿರುವಾಗ ಅದೇ ಬೆಟ್ಟವನ್ನು ದಾರಿ ಇಲ್ಲದ ಮಗ್ಗುಲಿನಿಂದ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಮೊಣಕಾಲು ತರಚಿಸಿಕೊಂಡು ಹತ್ತುವವರ ತಲೆ ನೆಟ್ಟಗಿದೆಯೇ ಎಂಬ ಅನುಮಾನ ಯಾರಿಗಾದರೂ ಬರಬೇಕಾದ್ದೇ. ಬುಡದಲ್ಲಿ ಸೌತೆಕಾಯಿ ಮಾರುವ ಅಜ್ಜಿಯೊಬ್ಬರು ನಮ್ಮನ್ನು ಕಂಡಾಗಲೆಲ್ಲ ಕೇಳುತ್ತಾರೆ: “ಆ ಕಡೆ ದಾರಿ ಐತಲ್ಲಪ್ಪ, ಈ ಕಡೆ ಯಾಕೆ ಒದ್ದಾಡ್ತೀರಾ?” ನಾನು ಉತ್ತರ ಕೊಡುವ ಬದಲು ಸೌತೆಕಾಯಿ ಕೊಳ್ಳುತ್ತೇನೆ. ಅಜ್ಜಿಯ ವ್ಯಾಪಾರವಂತೂ ನಡೆಯುತ್ತದೆ.

ಆದರೂ ಪ್ರಶ್ನೆ ಪ್ರಶ್ನೆಯೇ. ಯಾಕೆ?

ಒಂದು ಕಾರಣ ಆ ಕಲ್ಲು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಈ ಬೆಟ್ಟ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರವಿದೆ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಪಾಲು. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳ ಸಾಲಿನಲ್ಲಿ ಇದರ ಹೆಸರಿದೆ. ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಕರೆಯುವ ಈ ಶಿಲೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ಹತ್ತುವವರಿಗೆ ಇದಕ್ಕಿಂತ ದೊಡ್ಡ ಸಮಾಧಾನದ ಮಾತಿಲ್ಲ. ಹತ್ತಿರ ಹೋದರೆ ಅದೇ ಬಂಡೆಯಲ್ಲಿ ಕಡಲೆ ಗಾತ್ರದ ಹರಳುಗಳು ತಲೆ ಎತ್ತಿರುತ್ತವೆ, ಮಳೆನೀರು ಕೊರೆದ ತಗ್ಗುಗಳಿರುತ್ತವೆ, ಬೆರಳಿನ ಅರ್ಧ ಗೆಣ್ಣು ಹಿಡಿಸುವಷ್ಟು ಚಕ್ಕೆ ಎದ್ದಿರುತ್ತದೆ. ನಮ್ಮ ಸಂಸಾರವೆಲ್ಲ ಈ ಹರಳು, ತಗ್ಗು, ಚಕ್ಕೆಗಳ ಮೇಲೆ.

ಇಂಥ ಇಳಿಜಾರು ಬಂಡೆಗೆ ಹತ್ತುವವರ ಭಾಷೆಯಲ್ಲಿ ‘ಸ್ಲ್ಯಾಬ್’ ಎಂದು ಹೆಸರು. ಇಲ್ಲಿ ತೋಳ್ಬಲ ಕೆಲಸಕ್ಕೆ ಬಾರದು. ಜಿಮ್ಮಿನಲ್ಲಿ ಬೆಳೆಸಿದ ತೋಳಿನವನು ಹಿಡಿಯಲು ಏನೂ ಸಿಗದೆ ತಬ್ಬಿಬ್ಬಾಗುತ್ತಾನೆ. ಸಪೂರ ದೇಹದ ಹುಡುಗಿ ಅಂಗಾಲನ್ನು ನಂಬಿ ಮೇಲೇರಿ ಹೋಗುತ್ತಾಳೆ. ಭಯವಾದಾಗ ಮನುಷ್ಯ ಸಹಜವಾಗಿ ಬಂಡೆಯನ್ನು ತಬ್ಬಿಕೊಳ್ಳುತ್ತಾನೆ. ತಬ್ಬಿಕೊಂಡರೆ ಪಾದದ ಮೇಲಿನ ಭಾರ ತಪ್ಪುತ್ತದೆ, ಭಾರ ತಪ್ಪಿದರೆ ಬೂಟಿನ ರಬ್ಬರು ಜಾರುತ್ತದೆ. ಅಂದರೆ ಹೆದರಿದವನು ಮಾಡುವುದೆಲ್ಲ ಹೆದರಿದ್ದನ್ನೇ ಬರಮಾಡಿಕೊಳ್ಳುವ ಕೆಲಸ. ಸೊಂಟವನ್ನು ಬಂಡೆಯಿಂದ ಆಚೆ ತಂದು, ಹಿಮ್ಮಡಿ ತಗ್ಗಿಸಿ, ನಿಂತ ಜಾಗದಲ್ಲಿ ನೆಟ್ಟಗೆ ನಿಲ್ಲಬೇಕು. ಹೇಳಲು ಒಂದು ಸಾಲು. ಕೆಳಗೆ ಮರಗಳ ನೆತ್ತಿ ಕಾಣುತ್ತಿರುವಾಗ ಮಾಡಲು ಒಂದು ಋತು ಬೇಕು.

ಇನ್ನೊಂದು ಕಾರಣ, ಆ ಹೊತ್ತಿನಲ್ಲಿ ಮನಸ್ಸಿಗೆ ಬೇರೆ ಯಾವ ಕೆಲಸವೂ ಇರುವುದಿಲ್ಲ. ಗೃಹಸಾಲದ ಕಂತು, ಕಚೇರಿಯ ಜಗಳ, ಫೋನಿನೊಳಗಿನ ಸಾವಿರ ಸಂದೇಶ ಎಲ್ಲ ಎಲ್ಲೋ ಉಳಿದುಬಿಡುತ್ತವೆ. ಉಳಿಯುವುದು ಮುಂದಿನ ಹರಳು ಮಾತ್ರ. ಅಪಾಯದ ಹವ್ಯಾಸದವರು ಸಾವಿನ ಜತೆ ಸರಸವಾಡುತ್ತಾರೆ ಎನ್ನುವುದುಂಟು. ನನಗೆ ಹಾಗೆನಿಸಿಲ್ಲ. ನಮಗೆ ರುಚಿಸುವುದು ಅಪಾಯವಲ್ಲ, ಅಪಾಯ ನಮ್ಮಿಂದ ಕಸಿದು ಪಡೆಯುವ ಏಕಾಗ್ರತೆ. ಆ ಏಕಾಗ್ರತೆ ಬಂಡೆಯ ಮೇಲೆ ಮಾತ್ರ ಇದ್ದು ಗಂಟಿನ ಮೇಲೆ ಇಲ್ಲದಿದ್ದರೆ, ಅದು ಅರ್ಧ ಬೆಂದ ಏಕಾಗ್ರತೆ.

ಗಂಟಿನ ವಿಷಯಕ್ಕೆ ಬರುವ ಮುಂಚೆ ಹಗ್ಗದ ಮಾತು. ನೈಲಾನ್ ಬರುವ ಮುಂಚೆ ಸೆಣಬು, ಮನಿಲಾ ನಾರಿನ ಹಗ್ಗಗಳಿದ್ದವು. ಅವು ಅಷ್ಟಾಗಿ ಹಿಗ್ಗುತ್ತಿರಲಿಲ್ಲ, ಜೋರಾದ ಎಳೆತಕ್ಕೆ ಹರಿಯುತ್ತಿದ್ದವು. ಹಾಗಾಗಿ ಮುಂದೆ ಹತ್ತುವವನು ಬೀಳಲೇ ಕೂಡದು ಎಂಬುದು ಆಗಿನ ನಿಯಮ. ಎರಡನೇ ಮಹಾಯುದ್ಧದ ನಂತರ ಬಳಕೆಗೆ ಬಂದ ನೈಲಾನ್ ಹಗ್ಗ ಬಿದ್ದವನ ರಭಸವನ್ನು ತಾನು ಹಿಗ್ಗಿ ನುಂಗುತ್ತದೆ. ಇಂದಿನ ಹಗ್ಗಗಳ ಪರೀಕ್ಷೆಯಲ್ಲಿ 80 ಕೆ.ಜಿ. ಭಾರ ಕಟ್ಟಿ ಮತ್ತೆ ಮತ್ತೆ ಬೀಳಿಸುತ್ತಾರೆ; ಕನಿಷ್ಠ 5 ಸಲವಾದರೂ ಹರಿಯದೆ ತಾಳಿದ ಒಂಟಿ ಹಗ್ಗಕ್ಕಷ್ಟೇ ಪ್ರಮಾಣಪತ್ರ. ಆದರೆ ಹಗ್ಗ ಎಷ್ಟೇ ಗಟ್ಟಿಯಿರಲಿ, ಲೆಕ್ಕ ಬದಲಾಗದು. ಹಗ್ಗ ಸೇರಿಸಲೆಂದು ಬಂಡೆಗೆ ಕೂರಿಸಿದ ಬೋಲ್ಟುಗಳಲ್ಲಿ ಕೊನೆಯದರಿಂದ 3 ಮೀಟರ್ ಮೇಲೆ ಹೋದವನು ಜಾರಿದರೆ 6 ಮೀಟರ್ ಕೆಳಗೆ ಬರುತ್ತಾನೆ, ಹಿಗ್ಗಿದ್ದು ಬೇರೆ. ಸಾವನದುರ್ಗದಲ್ಲಿ ‘ಬೆಳದಿಂಗಳು’, ‘ದೀಪಾವಳಿ’ ಎಂದೆಲ್ಲ ಚೆಂದದ ಹೆಸರಿನ ಹತ್ತುದಾರಿಗಳಿವೆ. ಇಂಥ ಉದ್ದನೆಯ ದಾರಿಗಳಲ್ಲಿ ಬೋಲ್ಟುಗಳ ನಡುವಿನ ಅಂತರ ಎಷ್ಟೆಂದು ಕೇಳಿ ತಿಳಿಯದೆ ಹೊರಡುವುದು ಧೈರ್ಯವಲ್ಲ, ಉಡಾಫೆ.

ಆದ್ದರಿಂದ ಪ್ರತಿ ಸಲ, ಹೊರಡುವ ಮುನ್ನ, ಒಬ್ಬರನ್ನೊಬ್ಬರು ತಪಾಸಣೆ ಮಾಡುತ್ತೇವೆ. ಸೊಂಟಕ್ಕೆ ಕಟ್ಟುವ ಹಾರ್ನೆಸ್ಸಿನ ಬಕಲ್, ಎಂಟರ ಆಕಾರದ ಗಂಟು, ಕೆಳಗಿನವನು ಹಗ್ಗ ತಡೆಹಿಡಿಯುವ ಬಿಲೇ ಸಾಧನದೊಳಗೆ ಹಗ್ಗ ಹೋದ ರೀತಿ, ಕ್ಯಾರಬೀನರ್ ಕೊಕ್ಕೆಯ ತಿರುಪು, ಹೆಲ್ಮೆಟ್ಟಿನ ಪಟ್ಟಿ. ಮನೆಗೆ ಬೀಗ ಹಾಕಿದ ಮೇಲೂ ಎರಡು ಸಲ ಜಗ್ಗಿ ನೋಡುವ ಹಿರಿಯರ ಹಾಗೆ. ವರ್ಷಗಟ್ಟಲೆ ಜತೆಗೆ ಹತ್ತಿದವರ ನಡುವೆಯೂ ಇದಕ್ಕೆ ವಿನಾಯಿತಿ ಇಲ್ಲ. ಪಳಗಿದವರೂ ಗಂಟು ಮರೆಯುತ್ತಾರೆ. ಮಾತಿನ ನಡುವೆ ಅರ್ಧ ಹಾಕಿ ಬಿಟ್ಟ ಗಂಟಿಗೆ ಅನುಭವದ ಗೌರವ ಗೊತ್ತಿಲ್ಲ. ಇಳಿಯುವಾಗಲೂ ಅಷ್ಟೇ. ಹತ್ತಿದ ಖುಷಿಯಲ್ಲಿ ಮೈ ಸಡಿಲಾದಾಗಲೇ ಹಗ್ಗದ ತುದಿಗೊಂದು ಗಂಟು ಹಾಕಿದ್ದೇವೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಹಗ್ಗ ಮುಗಿದದ್ದು ಗೊತ್ತಾಗುವ ಮೊದಲೇ ಕೈಯಿಂದ ಜಾರಿಹೋಗುತ್ತದೆ.

ಹಗ್ಗವೇ ಇಲ್ಲದೆ ಹತ್ತುವವರಿಲ್ಲವೇ ಎಂದು ಹುಡುಗರು ಕೇಳುತ್ತಾರೆ. ಇದ್ದಾರೆ. ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ನಾಡಿಗೆಲ್ಲ ಪರಿಚಿತರು. ಅಮೆರಿಕದ ಅಲೆಕ್ಸ್ ಹೊನ್ನೋಲ್ಡ್ 2017ರ ಜೂನ್ 3ರಂದು ಯೊಸೆಮಿಟಿ ಕಣಿವೆಯಲ್ಲಿ ಸುಮಾರು 3,000 ಅಡಿ ಎತ್ತರದ ಎಲ್ ಕ್ಯಾಪಿಟನ್ ಬಂಡೆಯನ್ನು ಹಗ್ಗವಿಲ್ಲದೆ ನಾಲ್ಕು ಗಂಟೆಯೊಳಗೆ ಏರಿದರು. ಆ ಏರಿಕೆಯ ಸಾಕ್ಷ್ಯಚಿತ್ರ ನೋಡಿದ ಹುಡುಗರ ಕಣ್ಣಲ್ಲಿ ಉಳಿಯುವುದು ಆ ನಾಲ್ಕು ಗಂಟೆ. ನನಗೆ ದೊಡ್ಡದಾಗಿ ಕಾಣುವುದು ಅದೇ ದಾರಿಯನ್ನು ಅವರು ಹಗ್ಗದಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿದ ಕಾಲ, ಜತೆಗೆ 2016ರಲ್ಲಿ ಹೊರಟವರು ಏರಿಕೆ ಮುಗಿಸದೆ ವಾಪಸು ಬಂದದ್ದು. ಕ್ಯಾಮೆರಾಗಳು ಕಾದಿದ್ದರೂ ‘ಇವತ್ತು ಬೇಡ’ ಎನ್ನಬಲ್ಲವನು ಹುಚ್ಚನಲ್ಲ. ಅವರ ಸಾಹಸ ಅನುಕರಣೆಗಲ್ಲ. ಆ ‘ಬೇಡ’ ಮಾತ್ರ ಧಾರಾಳವಾಗಿ ಅನುಕರಿಸಬಹುದು.

ನಮಗೂ ಬೇಡ ಎನ್ನಲು ಕಾರಣಗಳು ಬೇಕಾದಷ್ಟಿವೆ. ಬಂಡೆಯ ನೆತ್ತಿಯಡಿ ಹೆಜ್ಜೇನು ತೊಟ್ಟಿ ಕಟ್ಟಿದ್ದರೆ ಆ ಮಗ್ಗುಲಿಗೆ ಹೋಗುವಂತಿಲ್ಲ. ಹಗ್ಗಕ್ಕೆ ಕಟ್ಟಿಕೊಂಡವನು ಓಡಲಾರ. ಬಿಸಿಲೇರಿದ ಮೇಲೆ ರಬ್ಬರಿನ ಹಿಡಿತ ಸಡಿಲ, ಆದ್ದರಿಂದ ಚಳಿಗಾಲದ ಬೆಳಗೇ ಒಳ್ಳೆಯದು. ಬಾದಾಮಿಯ ಕೆಂಪು ಮರಳುಗಲ್ಲು ಮಳೆಯಲ್ಲಿ ನೆನೆದಾಗ ಮೆತ್ತಗಾಗುತ್ತದೆ, ಹಿಡಿದ ಚಕ್ಕೆಯೇ ಕೈಗೆ ಬರುತ್ತದೆ, ಒಣಗುವವರೆಗೆ ಕಾಯಬೇಕು. ‘ಶೋಲೆ’ ಚಿತ್ರೀಕರಣದಿಂದ ಹೆಸರಾದ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಆ ಕಡಿದಾದ ಬಂಡೆಗಳು ಉದ್ದಕೊಕ್ಕಿನ ರಣಹದ್ದುಗಳ ಬಾಣಂತಿಕೋಣೆ, ಅಲ್ಲಿ ನಮಗೇನು ಕೆಲಸ? ಜವಾಬ್ದಾರಿ ಎಂದರೆ ನಮ್ಮ ತಲೆ ಒಡೆಯದಂತೆ ನೋಡಿಕೊಳ್ಳುವುದಷ್ಟೇ ಅಲ್ಲ.

ಅಷ್ಟಕ್ಕೂ ಹಗ್ಗಕ್ಕೆ ಎರಡು ತುದಿ. ಮೇಲಿನ ತುದಿಯಲ್ಲಿ ಸಾಹಸ, ಫೋಟೊ, ಚಪ್ಪಾಳೆ. ಕೆಳಗಿನ ತುದಿಯಲ್ಲಿ ಕತ್ತು ನೋಯಿಸಿಕೊಂಡು ಮೇಲೆ ನೋಡುತ್ತಾ, ಬೇಕಾದಷ್ಟು ಸಡಿಲ ಕೊಟ್ಟು, ಬ್ರೇಕಿನ ಕೈಯನ್ನು ಒಂದು ಗಳಿಗೆಯೂ ಬಿಡದೆ ನಿಂತವನೊಬ್ಬ. ನನ್ನ ಜೀವ, ನನ್ನ ಇಷ್ಟ ಎನ್ನುವವರಿಗೆ ನಾನು ಈ ಕೆಳಗಿನವನನ್ನು ತೋರಿಸುತ್ತೇನೆ. ಬಿದ್ದವನ ಭಾರ ಮೊದಲು ಜಗ್ಗುವುದು ಅವನ ಸೊಂಟವನ್ನು, ಆಮೇಲೆ ಮನೆಯವರನ್ನು, ಸ್ಟ್ರೆಚರ್ ಹೊರಲು ಓಡಿಬರುವ ಊರಿನವರನ್ನು.

ಹತ್ತಲು ಕಲಿಯಬೇಕೆಂದು ಯಾರಾದರೂ ಬಂದರೆ ನಾನು ಮೊದಲು ಬಂಡೆ ತೋರಿಸುವುದಿಲ್ಲ. ಬಲ್ಲವರ ಬಳಿ ಕಲಿತು, ಅವರ ಕಣ್ಣೆದುರೇ ಒಂದಿಡೀ ದಿನ ಬೇರೆಯವರಿಗಾಗಿ ಹಗ್ಗ ಹಿಡಿ ಎನ್ನುತ್ತೇನೆ. ಕೆಲವರು ಮಧ್ಯಾಹ್ನಕ್ಕೆ ಮುಂಚೆ ಬೇಸತ್ತು ಫೋನು ತೆಗೆಯುತ್ತಾರೆ. ಅವರಿಗೆ ಆ ಕಡೆಯ ದಾರಿಯೇ ಸರಿ, ಅದೂ ಸುಂದರವಾದದ್ದೇ. ಇನ್ನು ಕೆಲವರು ಮೇಲಿನವನ ಪ್ರತಿ ಹೆಜ್ಜೆಗೂ ತಾವೇ ಉಸಿರು ಹಿಡಿದು, ಅವನು ಮುಂದಿನ ಬೋಲ್ಟಿಗೆ ಹಗ್ಗ ಸೇರಿಸಿದಾಗ ನಗುತ್ತಾರೆ. ಈ ಆಟದ ರುಚಿ ಅವರಿಗೆ ಆಗಲೇ ಹತ್ತಿರುತ್ತದೆ. ಬೆಟ್ಟ ಆಮೇಲೆ ಹತ್ತಿದರಾಯಿತು.