ಒಂದು ಬಂಗುಡೆ ಹೆಚ್ಚು

ಆಗಸ್ಟ್ 30 ಬಂತೆಂದರೆ ಮಂಗಳೂರು ಕಡೆಯ ಕಥೊಲಿಕರ ಮಕ್ಕಳಿಗೆ ಪುರುಸೊತ್ತಿಲ್ಲ. ಮೊಂತಿ ಹಬ್ಬದ ನೊವೆನಾ ಶುರು. ಸೆಪ್ಟೆಂಬರ್ 8ಕ್ಕೆ ಮರಿಯಮ್ಮನವರ ಹುಟ್ಟುಹಬ್ಬ. ಅದಕ್ಕೆ ಮೊದಲಿನ ಒಂಬತ್ತು ದಿನ ಇಗರ್ಜಿಗೆ ತಟ್ಟೆ ತುಂಬ ಹೂ ಒಯ್ದು ಬಾಲ ಮರಿಯಮ್ಮನ ಪ್ರತಿಮೆಗೆ ಎರಚಬೇಕು. ಅಂಗಡಿ ಹೂವಿಗೆ ಮರ್ಯಾದೆ ಕಡಿಮೆ. ಬೇಲಿಯ ದಾಸವಾಳ, ಗುಡ್ಡೆಯ ಕೇಪಳ, ತೋಡಿನ ಬದಿಯಲ್ಲಿ ಯಾರೂ ಹೆಸರಿಡದ ಹಳದಿ ಹೂ, ಇವೇ ಆಗಬೇಕು. ಎರಡು ಮೂರು ದಿನಕ್ಕೆ ಅಂಗಳದ ಗಿಡಗಳೆಲ್ಲ ಬೋಳು. ಆಮೇಲೆ ಕಣ್ಣಿಗೆ ಕೆಲಸ. ವರ್ಷವಿಡೀ ತುಳಿದುಕೊಂಡು ಹೋದ ಹೂವೆಲ್ಲ ಆಗ ಕಾಣತೊಡಗುತ್ತದೆ. ಒಳ್ಳೆಯದನ್ನು ಕಾಣುವುದಕ್ಕೂ ಇಂಥದೇ ರೂಢಿ ಬೇಕೋ ಏನೋ. ಕೆಟ್ಟದ್ದಕ್ಕೆ ಯಾವ ನೊವೆನಾವೂ ಬೇಡ, ಕರೆಯದೆಯೇ ಬಂದು ಜಗಲಿಯಲ್ಲಿ ಕೂರುತ್ತದೆ.

ಹಬ್ಬದ ದಿನ ಫಾದರ್ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮಕ್ಕಳ ಕೈಗೆ ಕಬ್ಬು. ಮನೆಯಲ್ಲಿ ಆ ಕಾಳು ಸುಲಿದು, ಪುಡಿ ಮಾಡಿ, ತೆಂಗಿನ ಹಾಲಿಗೆ ಬೆರೆಸಿ ಹಿರಿಯರು ಎಲ್ಲರಿಗೂ ಕೊಡಬೇಕು. ಊಟಕ್ಕೆ ಐದೋ ಏಳೋ ಬಗೆಯ ತರಕಾರಿ, ಬೆಸ ಸಂಖ್ಯೆಯೇ ಆಗಬೇಕು, ಕೆಸುವಿನ ದಂಟು ತಪ್ಪಬಾರದು. ಮೀನಿಲ್ಲದೆ ತುತ್ತು ಇಳಿಯದ ಮಂದಿ ಅಂದು ಬೆಂಡೆಕಾಯಿಯನ್ನು ಹೊಗಳುವುದೇ ಒಂದು ಪವಾಡ. ದುಬೈ, ಕುವೈತಿನಲ್ಲಿರುವವರ ಪಾಲಿನ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುತ್ತದೆ.

ನನಗೆ ಹಿಡಿಸುವುದು ಈ ಹಬ್ಬದ ಅವಸರ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಆಗ ಇನ್ನೂ ಗದ್ದೆಯಲ್ಲೇ ಇರುತ್ತದೆ. ಮಳೆ ಪೂರ್ತಿ ಹಿಂದೆಗೆದಿಲ್ಲ. ನವಿಲು, ಹಂದಿ, ಗಾಳಿ ಎಲ್ಲವೂ ತಮ್ಮ ಪಾಲು ಕೇಳಲು ಬಾಕಿ. ಎಷ್ಟು ಮುಡಿ ಅಕ್ಕಿಯಾಯಿತು ಎಂದು ಗೊತ್ತಾಗುವ ಮೊದಲೇ ದೇವರಿಗೆ ವಂದನೆ ಸಂದಿರುತ್ತದೆ. ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಬರೆದು 1548ರಲ್ಲಿ ಅಚ್ಚಾದ ಧ್ಯಾನದ ಕೈಪಿಡಿಯಲ್ಲೂ ಆತ್ಮಪರೀಕ್ಷೆಯ ಕ್ರಮ ಹೀಗೆಯೇ ಇದೆ: ಮೊದಲು ಪಡೆದ ಉಪಕಾರಗಳಿಗೆ ವಂದನೆ, ತಪ್ಪುಗಳ ವಿಚಾರಣೆ ಆಮೇಲೆ. ನಾವೋ, ಪಾಪನಿವೇದನೆಗೆ ಪಟ್ಟಿ ಬಾಯಿಪಾಠ ಮಾಡಿಕೊಂಡು ಹೋಗುತ್ತೇವೆ (ಅದರಲ್ಲಿ ಅರ್ಧ ನೆರೆಮನೆಯವರ ಪಾಪ). ವಂದನೆಯ ಆ ಮೊದಲ ಪುಟ ತೆರೆಯುವುದೇ ಇಲ್ಲ.

ನಮ್ಮಜ್ಜಿ ಆ ಪುಸ್ತಕ ಕಂಡವಳಲ್ಲ. ಸಂಜೆ ತೇರ್ಸ್ ಎಂಬ ಜಪಮಾಲೆ ಮುಗಿದು, ಬೆಸಾಂವ್ (ಹಿರಿಯರ ಆಶೀರ್ವಾದ) ಕೇಳಲು ನಾವು ಕೈಮುಗಿದು ಸಾಲಾಗಿ ನಿಂತರೂ ಅವಳ ಪ್ರಾರ್ಥನೆ ನಿಲ್ಲುತ್ತಿರಲಿಲ್ಲ. ಸ್ವಂತದ್ದೊಂದು ಬಾಲ ಅದಕ್ಕೆ. ಲೋಕದ ಶಾಂತಿ, ಪಾಪಿಗಳ ಉದ್ಧಾರ ಇಂಥ ದೊಡ್ಡ ವಿಷಯಗಳನ್ನು ಪಾದ್ರಿಗಳಿಗೇ ಬಿಟ್ಟಿದ್ದಳು. ಅವಳದು ಬರೀ ಚಿಲ್ಲರೆ: ಮಳೆ ಬಂದಾಗ ಪಕ್ಕದ ಮನೆಯ ಶೆಟ್ರ ಹೆಂಡತಿ ಓಡಿಬಂದು ನಮ್ಮ ಬಟ್ಟೆ ತೆಗೆದಿಟ್ಟದ್ದಕ್ಕೆ ಸ್ತೋತ್ರ, ಕಂಡಕ್ಟರ್ ಮನೆಯೆದುರೇ ಬಸ್ಸು ನಿಲ್ಲಿಸಿದ್ದಕ್ಕೆ ಸ್ತೋತ್ರ, ಮೀನಿನವಳು ಒಂದು ಬಂಗುಡೆ ಹೆಚ್ಚು ಹಾಕಿದ್ದಕ್ಕೆ ಸ್ತೋತ್ರ.

ಬಂಗುಡೆಯ ಸ್ತೋತ್ರ ಕೇಳಿ ಒಮ್ಮೆ ನನಗೆ ತಡೆಯಲಾಗಲಿಲ್ಲ. "ಬೆಳಿಗ್ಗೆ ಅವಳ ಹತ್ರ ಅಷ್ಟು ಜಗಳ ಮಾಡಿದ್ಯಲ್ಲ ಅಜ್ಜೀ?"

"ಜಗಳ ಮಾಡಿದ್ದು ಕ್ರಯಕ್ಕೆ. ಬಂಗುಡೆ ಅವಳಾಗಿಯೇ ಹಾಕಿದ್ದು" ಎಂದವಳು, ನಾಳೆಯಾದರೂ ಅವಳು ಕ್ರಯ ಇಳಿಸುವಂತಾಗಲಿ ಎಂಬ ಬೇಡಿಕೆಯನ್ನೂ ಅಲ್ಲೇ ಸೇರಿಸಿ ಶಿಲುಬೆಯ ಗುರುತು ಹಾಕಿಕೊಂಡಳು.