ಬಾವಿಯ ನೀರಿನಲ್ಲಿ ಕಂಡ ಸೀಸ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಸಮುದ್ರದ ನೀರಿನಲ್ಲಿರುವ ಲೋಹಗಳನ್ನು ಅಳೆಯುವ ಪ್ರಯೋಗಾಲಯದಲ್ಲಿ ಅವನಿಗೆ ಉದ್ಯೋಗ. "ಯಂತ್ರ ಬಹಳ ಸೂಕ್ಷ್ಮವಾದದ್ದು ಸಾರ್, ಆದರೆ ನೀರನ್ನು ನೇರವಾಗಿ ಅದಕ್ಕೆ ಕೊಡುವಂತಿಲ್ಲ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅದೇ ಎಲ್ಲವನ್ನೂ ಕೆಡಿಸುತ್ತದೆ" ಎಂದ. ಅದಕ್ಕಾಗಿ ಮೊದಲು ನೀರನ್ನು ಒಂದು ಬಗೆಯ ರಾಳದ ಕಣಗಳ ಮೂಲಕ ಹಾಯಿಸುತ್ತಾರೆ. ಸೀಸ, ತಾಮ್ರ, ಕ್ಯಾಡ್ಮಿಯಂ ಅದಕ್ಕೆ ಅಂಟಿಕೊಳ್ಳುತ್ತವೆ, ಸೋಡಿಯಂ ಹರಿದುಹೋಗುತ್ತದೆ. ಅನಂತರ ಸ್ವಲ್ಪ ಆಮ್ಲದಿಂದ ಆ ಲೋಹಗಳನ್ನು ಬಿಡಿಸಿಕೊಳ್ಳುತ್ತಾರೆ. 500 ಮಿ.ಲೀ. ನೀರಿನಲ್ಲಿದ್ದದ್ದು 10 ಮಿ.ಲೀ.ಗೆ ಬಂದರೆ ಐವತ್ತು ಪಟ್ಟು ಸಾಂದ್ರವಾದಂತೆ. ಮೊಸರನ್ನು ಕಡೆದು ಬೆಣ್ಣೆ ತೆಗೆಯುವ ಕ್ರಮವೇ ಇದು.

ಅವನು ಹೇಳುತ್ತಿದ್ದಂತೆ ನನಗೆ 1974ರ ಬೇಸಿಗೆ ನೆನಪಾಯಿತು. ನಾನಾಗ ಎಂ.ಎಸ್ಸಿ. ವಿದ್ಯಾರ್ಥಿ. ನಮ್ಮೂರಿನ ಅಜ್ಜಿಯೊಬ್ಬರ ಹಿತ್ತಲಿನ ಬಾವಿ ಕಡುಬೇಸಿಗೆಯಲ್ಲಿಯೂ ಬತ್ತುತ್ತಿರಲಿಲ್ಲ. ಕೇರಿಯ ಹೆಂಗಸರೆಲ್ಲ ಅಲ್ಲಿಂದಲೇ ನೀರು ಒಯ್ಯುತ್ತಿದ್ದರು. ಆ ನೀರನ್ನು ಸೀಸೆಯಲ್ಲಿ ತುಂಬಿಕೊಂಡು ಕಾಲೇಜಿಗೆ ಹೋದೆ.

ಸೀಸವನ್ನು ಕಂಡುಹಿಡಿಯಲು ಡೈಥೈಜೋನ್ ಎಂಬ ರಾಸಾಯನಿಕ ನಮ್ಮಲ್ಲಿತ್ತು. ಒಂದು ಲೀಟರ್ ನೀರಿಗೆ ಸಿಟ್ರೇಟ್ ಮತ್ತು ಅಮೋನಿಯ ಸೇರಿಸಿದೆ. ತಾಮ್ರ, ಸತುವುಗಳು ಅಡ್ಡಬಾರದಂತೆ ಅಧ್ಯಾಪಕರ ಎದುರಿನಲ್ಲಿ ಸಯನೈಡ್ ಹಾಕಿದೆ. ಕ್ಲೋರೋಫಾರಂನಲ್ಲಿ ಕರಗಿದ ಹಸಿರು ಡೈಥೈಜೋನ್ ಸೇರಿಸಿ ಚೆನ್ನಾಗಿ ಕುಲುಕಿದೆ. ಸೀಸವನ್ನು ಹಿಡಿದುಕೊಂಡ ಕ್ಲೋರೋಫಾರಂ ಕೆಂಪಾಗಿ ತಳಕ್ಕೆ ಇಳಿಯಿತು. ಒಂದು ಲೀಟರಿನ ಸೀಸ 10 ಮಿ.ಲೀ.ಯಲ್ಲಿ! ಆ ಬಣ್ಣವನ್ನು ಕಂಡು ಹಿಗ್ಗಿದೆ. ಮರುದಿನವೇ ಊರಿಗೆ ಹೋಗಿ ಬಾವಿಯ ನೀರಿನಲ್ಲಿ ವಿಷವಿದೆಯೆಂದು ಸಾರಿದೆ.

ಹಿಂತಿರುಗಿದಾಗ ಅಧ್ಯಾಪಕರು ಕೇಳಿದ್ದು ಒಂದೇ ಮಾತು: "ಬ್ಲ್ಯಾಂಕ್ ಮಾಡಿದೆಯೇನಯ್ಯ?"

ಮಾಡಿರಲಿಲ್ಲ. ಬಾವಿಯ ನೀರಿಲ್ಲದೆ, ಶುದ್ಧವಾದ ಬಟ್ಟಿ ನೀರಿಗೆ ಅವೇ ರಾಸಾಯನಿಕಗಳನ್ನು ಅದೇ ಪ್ರಮಾಣದಲ್ಲಿ ಹಾಕಿ ಕುಲುಕಿದೆ. ಅದೇ ಕೆಂಪು ಬಂತು. ಸೀಸವಿದ್ದದ್ದು ನನ್ನ ಸಿಟ್ರೇಟಿನಲ್ಲಿ. ಬಳಸುವ ಮುನ್ನ ಅದನ್ನೂ ಡೈಥೈಜೋನಿನಿಂದ ಶುದ್ಧೀಕರಿಸಬೇಕಿತ್ತು. ನೀರಿನ ಸೀಸವನ್ನು ಒಟ್ಟುಗೂಡಿಸುವ ವಿಧಾನವು ನನ್ನ ಕೈಯ ಕೊಳೆಯನ್ನೂ ಅಷ್ಟೇ ನಿಷ್ಠೆಯಿಂದ ಒಟ್ಟುಗೂಡಿಸಿತ್ತು.

ಇಂತಹ ಪೆಟ್ಟು ದೊಡ್ಡವರಿಗೂ ಬಿದ್ದಿದೆ. ಗಾಳಿಯ ಸಾರಜನಕದಿಂದ ಅಮೋನಿಯ ತಯಾರಿಸಿ ನೊಬೆಲ್ ಪಡೆದ ಫ್ರಿಟ್ಸ್ ಹೇಬರ್, ಮೊದಲ ಮಹಾಯುದ್ಧದ ಬಳಿಕ ಜರ್ಮನಿಯ ಯುದ್ಧಪರಿಹಾರದ ಸಾಲವನ್ನು ಸಮುದ್ರದ ಚಿನ್ನದಿಂದ ತೀರಿಸಲು ಹೊರಟರು. ಹಿಂದಿನವರ ಲೆಕ್ಕದಂತೆ ಒಂದು ಟನ್ ನೀರಿನಲ್ಲಿ ಕೆಲವು ಮಿಲಿಗ್ರಾಂ ಚಿನ್ನವಿರಬೇಕಿತ್ತು. ಹೇಬರ್ ಆ ಚಿನ್ನವನ್ನು ಸೀಸದ ಸಲ್ಫೈಡಿನೊಡನೆ ಒತ್ತರಿಸಿ, ಸೀಸವನ್ನು ಕಳೆದು, ಉಳಿದ ಗುಂಡನ್ನು ಅಳೆದರು. ರಾಸಾಯನಿಕ ಮತ್ತು ಪಾತ್ರೆಗಳಲ್ಲಿದ್ದ ಚಿನ್ನವನ್ನೆಲ್ಲ ನಿವಾರಿಸುತ್ತ ಹೋದಂತೆ ಅಂಕಿ ಕುಸಿಯಿತು. ಕೊನೆಗೆ ಉಳಿದದ್ದು ನಿರೀಕ್ಷೆಯ ಸುಮಾರು ಸಾವಿರದ ಒಂದು ಪಾಲು. 1927ರಲ್ಲಿ ಅವರು ಅದನ್ನು ಮುಚ್ಚಿಡದೆ ಪ್ರಕಟಿಸಿದರು.

ನಾನೂ ಊರಿಗೆ ಹೋಗಿ ಒಪ್ಪಿಕೊಂಡೆ. ಅಷ್ಟರಲ್ಲಿ ಹತ್ತು ದಿನ ಕಳೆದಿದ್ದವು. ಹೆಂಗಸರು ಬಿಸಿಲಿನಲ್ಲಿ ಕೆರೆಯಿಂದ ಕೊಡ ಹೊರುತ್ತಿದ್ದರು. "ಅಜ್ಜಿ, ತಪ್ಪು ನನ್ನದು. ನಿಮ್ಮ ನೀರಿನಲ್ಲಿ ಏನೂ ದೋಷವಿಲ್ಲ" ಎಂದೆ. ಅವರು ಒಂದು ಚೊಂಬು ನೀರು ತಂದುಕೊಟ್ಟು, "ನೀರು ಮೊದಲಿನದೇ ಕಣಪ್ಪ, ಬರೋ ಜನ ಬರಲಿಲ್ಲ ಅಷ್ಟೆ" ಎಂದರು. ಅಲ್ಲಿಯೇ ನಿಂತು ಕುಡಿದೆ. ಕೆಲವರು ಮರುದಿನವೇ ಬಂದರು. ಎರಡು ಮನೆಯವರು ಮಾತ್ರ ಮತ್ತೆಂದೂ ಆ ಬಾವಿಗೆ ಹಗ್ಗ ಇಳಿಸಲಿಲ್ಲ.

ಇಂದು ಭಾರತೀಯ ಮಾನಕವು ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಮಿಗಿಂತ ಹೆಚ್ಚು ಸೀಸವಿರಬಾರದೆನ್ನುತ್ತದೆ. ಅಷ್ಟು ಅಲ್ಪವನ್ನು ಅಳೆಯುವವನ ಒಂದು ಮಾತಿಗೆ ಒಂದು ಊರಿನ ಬಾವಿಯೇ ಮುಚ್ಚಿಹೋಗಬಹುದು. ಪ್ರಯೋಗಶಾಲೆಯಲ್ಲಿ ನಾನು ನಿಮ್ಮಿಂದ ಪ್ರತಿ ಬಾರಿಯೂ ಬ್ಲ್ಯಾಂಕ್ ಮಾಡಿಸುತ್ತಿದ್ದೆ, "ಬರೀ ನೀರನ್ನು ಯಾಕೆ ಪರೀಕ್ಷಿಸಬೇಕು ಸಾರ್?" ಎಂದು ನೀವು ಗೊಣಗುತ್ತಿದ್ದಿರಿ. ಉತ್ತರವನ್ನು ಅಂದು ಹೇಳಲು ಸಂಕೋಚವಿತ್ತು. ಇಂದು ಹೇಳಿದ್ದೇನೆ.